ಒಂದು ಲೋಟ ನೀರಿನ ಅಳತೆ

ಔಷಧದಂಗಡಿಯಲ್ಲಿ ಮಾತ್ರೆ ಕೊಳ್ಳುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ: ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂಬ ಸಂಖ್ಯೆ, ಬೆಲೆ. ಸ್ವಲ್ಪ ಎಚ್ಚರವುಳ್ಳವರು ಅವಧಿ ಮುಗಿಯುವ ದಿನಾಂಕವನ್ನೂ ಓದುತ್ತಾರೆ. ಹೆಸರೂ ಮಿಲಿಗ್ರಾಮೂ ಒಂದೇ ಆಗಿದ್ದರೆ ಯಾವ ಕಂಪೆನಿಯ ಮಾತ್ರೆಯಾದರೂ ಒಂದೇ ಎಂಬುದು ಜನಸಾಮಾನ್ಯರ ನಂಬಿಕೆ. ಅನೇಕ ಔಷಧಗಳ ವಿಷಯದಲ್ಲಿ ಈ ನಂಬಿಕೆಯಿಂದ ತೊಂದರೆಯಿಲ್ಲ. ಆದರೆ ಕೆಲವು ಔಷಧಗಳ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಯಾವ ಔಷಧ ಯಾವ ಸಾಲಿಗೆ ಸೇರಿದ್ದು ಎಂಬುದನ್ನು ಬೇರ್ಪಡಿಸಿ ನೋಡುವ ಶಾಸ್ತ್ರೀಯ ಕ್ರಮವೊಂದಿದೆ. 2017ರಿಂದ ಅದು ಭಾರತದ ಕಾನೂನಿನೊಳಗೂ ಸೇರಿಕೊಂಡಿದೆ.

1940ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮದ ಕೆಳಗೆ 1945ರಲ್ಲಿ ರಚಿತವಾದ ನಿಯಮಾವಳಿಗೆ 2017ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ತಿದ್ದುಪಡಿಯೊಂದನ್ನು ತಂದಿತು. ಅದರ ಸಾರವಿಷ್ಟು: ಬಯೋಫಾರ್ಮಾಸ್ಯುಟಿಕಲ್ ವರ್ಗೀಕರಣ ಪದ್ಧತಿಯ ಎರಡನೆಯ ಮತ್ತು ನಾಲ್ಕನೆಯ ವರ್ಗಗಳಿಗೆ ಸೇರಿದ, ಬಾಯಿಯ ಮೂಲಕ ಸೇವಿಸುವ ಔಷಧಗಳ ತಯಾರಿಕೆಗೆ ಪರವಾನಗಿ ಕೋರುವವರು ಅರ್ಜಿಯ ಜೊತೆಗೆ ಜೈವಿಕ ಸಮಾನತಾ ಪರೀಕ್ಷೆಯ ಫಲಿತಾಂಶವನ್ನೂ ಸಲ್ಲಿಸಬೇಕು. ಮೊದಲನೆಯ ಮತ್ತು ಮೂರನೆಯ ವರ್ಗಗಳ ಮಾತು ಅಲ್ಲಿಲ್ಲ. ಓದಿದೊಡನೆ ಕಚೇರಿಯ ಒಣ ಭಾಷೆಯಂತೆ ತೋರುವ ಈ ಒಂದು ವಾಕ್ಯದ ಹಿಂದೆ ಪ್ರೌಢಶಾಲೆಯ ಮಕ್ಕಳು ಕಲಿಯುವ ವಿಜ್ಞಾನವಿದೆ. ಜೊತೆಗೆ, ಪ್ರತಿ ಮನೆಯ ಔಷಧದ ಡಬ್ಬಿಗೂ ಸಂಬಂಧಪಟ್ಟ ನ್ಯಾಯದ ಪ್ರಶ್ನೆಯೊಂದಿದೆ.

ವಿಜ್ಞಾನದಿಂದಲೇ ಆರಂಭಿಸುವುದು ಸೂಕ್ತ. ನುಂಗಿದ ಮಾತ್ರೆಯು ನೋವಿರುವ ಜಾಗಕ್ಕೆ ತಾನಾಗಿ ಹೋಗಿ ಸೇರುವುದಿಲ್ಲ. ಅದು ಮೊದಲು ಹೊಟ್ಟೆಯಲ್ಲಿ ಒಡೆದು ಪುಡಿಯಾಗಬೇಕು. ಆ ಪುಡಿಯಲ್ಲಿರುವ ಔಷಧವು ಜಠರ ಮತ್ತು ಕರುಳಿನ ದ್ರವದಲ್ಲಿ ಕರಗಬೇಕು. ಕರಗಿದ ಔಷಧವು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಬೇಕು. ಆ ಬಳಿಕವಷ್ಟೇ ಅದು ದೇಹದಲ್ಲಿ ಸಂಚರಿಸಿ ತನ್ನ ಕೆಲಸವನ್ನು ಮಾಡಬಲ್ಲದು. ಹೀಗೆ ಪ್ರತಿಯೊಂದು ಔಷಧದ ಮುಂದೆ ಎರಡು ಬಾಗಿಲುಗಳಿವೆ. ಕರಗುವುದು ಮೊದಲನೆಯದು, ದಾಟುವುದು ಎರಡನೆಯದು. ಶಾಲೆಯ ಪಾಠದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ದ್ರಾವ್ಯತೆ, ಎರಡನೆಯದು ಪೊರೆಯ ಮೂಲಕ ಹಾಯ್ದುಹೋಗುವ ಶಕ್ತಿ, ಅಂದರೆ ಪಾರಗಮ್ಯತೆ.

ಮೊದಲ ಬಾಗಿಲನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಒಂದು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕಲಕಿದರೆ ಅದು ಕಣ್ಣಿಗೆ ಕಾಣದಂತೆ ಕರಗುತ್ತದೆ. ಅಷ್ಟೇ ಅರಶಿನವನ್ನು ಹಾಕಿ ಎಷ್ಟು ಕಲಕಿದರೂ ಸ್ವಲ್ಪ ಹೊತ್ತಿನಲ್ಲಿ ಪುಡಿ ತಳದಲ್ಲಿ ಕೂರುತ್ತದೆ. ಅದೇ ಅರಶಿನ ಬಿಸಿ ಎಣ್ಣೆಗೆ ಬಿದ್ದರೆ ಎಣ್ಣೆಯೆಲ್ಲ ಹಳದಿಯಾಗುತ್ತದೆ; ಏಕೆಂದರೆ ಅದರ ಬಣ್ಣದ ಅಂಶವು ನೀರಿಗಿಂತ ಜಿಡ್ಡಿಗೆ ಹೆಚ್ಚು ಒಲಿಯುವಂಥದು. ಔಷಧಗಳಲ್ಲಿಯೂ ಸಕ್ಕರೆಯಂಥವು ಕೆಲವು, ಅರಶಿನದಂಥವು ಕೆಲವು.

ಎರಡನೆಯ ಬಾಗಿಲಿನ ಸ್ವಭಾವ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಕರುಳಿನ ಗೋಡೆಯ ಜೀವಕೋಶಗಳ ಪೊರೆಯಲ್ಲಿ ಕೊಬ್ಬಿನಂಥ ಪದಾರ್ಥವೇ ಮುಖ್ಯ. ಆದುದರಿಂದ ಜಿಡ್ಡಿನೊಡನೆ ಬೆರೆಯಬಲ್ಲ ಔಷಧಕ್ಕೆ ಅದನ್ನು ದಾಟುವುದು ಸುಲಭ. ನೀರನ್ನೇ ಬಯಸುವ ಔಷಧಕ್ಕೆ ಕಷ್ಟ. ನೀರಿನಲ್ಲಿ ಕರಗಬೇಕು, ಆದರೆ ನೀರಿಗೇ ಅಂಟಿಕೊಳ್ಳಬಾರದು. ಜಿಡ್ಡಿನ ಪೊರೆಯನ್ನು ದಾಟಬೇಕು, ಆದರೆ ನೀರಿಗೆ ತೀರ ಪರಕೀಯವಾಗಬಾರದು. ಔಷಧ ತಯಾರಕರ ಕಷ್ಟದ ದೊಡ್ಡ ಪಾಲು ಇಲ್ಲಿಯೇ ಇದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಗಾರ್ಡನ್ ಅಮಿಡಾನ್ ಮತ್ತು ಅವರ ಸಹೋದ್ಯೋಗಿಗಳಾದ ಹಾನ್ಸ್ ಲೆನ್ನರ್ನಾಸ್, ವಿನೋದ್ ಷಾ, ಜಾನ್ ಕ್ರೈಸನ್ ಅವರು 1995ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಎರಡು ಗುಣಗಳನ್ನೇ ಆಧಾರವಾಗಿಟ್ಟು ಔಷಧಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಚೆನ್ನಾಗಿ ಕರಗಿ ಚೆನ್ನಾಗಿ ದಾಟುವವು ಮೊದಲನೆಯ ವರ್ಗ. ಕರಗಲು ಕಷ್ಟ, ಆದರೆ ಕರಗಿದರೆ ಸುಲಭವಾಗಿ ದಾಟುವವು ಎರಡನೆಯ ವರ್ಗ. ಸುಲಭವಾಗಿ ಕರಗಿದರೂ ದಾಟಲು ಕಷ್ಟಪಡುವವು ಮೂರನೆಯ ವರ್ಗ. ಎರಡೂ ಕಷ್ಟವಾದವು ನಾಲ್ಕನೆಯ ವರ್ಗ. ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ನಾಲ್ಕು ಮನೆಗಳ ಕೋಷ್ಟಕ ಬರೆದಷ್ಟೇ ಸರಳವಾದ ವಿಂಗಡಣೆ ಇದು. ಆ ಸರಳತೆಯೇ ಅದಕ್ಕೆ ಜಗತ್ತಿನ ಅನೇಕ ದೇಶಗಳ ಔಷಧ ನಿಯಂತ್ರಣ ಕಚೇರಿಗಳಲ್ಲಿ ಸ್ಥಾನವನ್ನು ಒದಗಿಸಿತು.

'ಚೆನ್ನಾಗಿ ಕರಗುವುದು' ಎಂದರೆ ಎಷ್ಟು? ಕಾನೂನಿಗೆ ಇಂಥ ಮಾತು ಸಾಲದು, ಅಳತೆ ಬೇಕು. ಆ ಅಳತೆ ಒಂದು ಲೋಟ ನೀರು, ಅಂದರೆ 250 ಮಿಲಿಲೀಟರ್. ಔಷಧವನ್ನು ಸ್ವಯಂಸೇವಕರ ಮೇಲೆ ಪರೀಕ್ಷಿಸುವಾಗ ಅವರಿಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆಯನ್ನು ಒಂದು ಲೋಟ ನೀರಿನೊಂದಿಗೆ ಕೊಡುವ ವಾಡಿಕೆಯಿಂದ ಈ ಅಂಕಿ ಬಂದಿದೆ. ಔಷಧದ ಅತಿ ಹೆಚ್ಚಿನ ಒಂದು ಪ್ರಮಾಣವು ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜಠರದ ತೀವ್ರ ಆಮ್ಲತೆಯಿಂದ ಹಿಡಿದು ಕರುಳಿನ ಸೌಮ್ಯ ಸ್ಥಿತಿಯವರೆಗೆ, ಅಂದರೆ ಪಿಎಚ್ 1.2ರಿಂದ 6.8ರವರೆಗೆ, ಎಲ್ಲ ಹಂತಗಳಲ್ಲಿಯೂ 250 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ದ್ರವದಲ್ಲಿ ಪೂರ್ತಿ ಕರಗಿದರೆ ಅದು ಹೆಚ್ಚು ದ್ರಾವ್ಯತೆಯ ಔಷಧ. ನುಂಗಿದ ಔಷಧದ ಶೇಕಡಾ 85 ಅಥವಾ ಅದಕ್ಕೂ ಹೆಚ್ಚಿನ ಭಾಗವನ್ನು ದೇಹವು ಹೀರಿಕೊಂಡರೆ ಅದು ಹೆಚ್ಚು ಪಾರಗಮ್ಯತೆಯ ಔಷಧ. ಈಗ ಅಂತರರಾಷ್ಟ್ರೀಯವಾಗಿ ಒಪ್ಪಿತವಾಗಿರುವ ಮಾನದಂಡಗಳಿವು.

ಶಾಲೆಯ ಮಕ್ಕಳೇ ಮಾಡಬಹುದಾದ ಲೆಕ್ಕವೊಂದು ಈ ಅಳತೆಯ ಅರ್ಥವನ್ನು ತಿಳಿಸುತ್ತದೆ. ಹುಳುಕಡ್ಡಿ ಅಥವಾ ಗಜಕರ್ಣವೆಂದು ಕರೆಯುವ ಚರ್ಮರೋಗಕ್ಕೆ, ಅದರಲ್ಲಿಯೂ ಮಕ್ಕಳ ತಲೆಯ ಚರ್ಮಕ್ಕೆ ತಗಲುವ ಶಿಲೀಂಧ್ರಕ್ಕೆ, ಗ್ರೈಸಿಯೋಫಲ್ವಿನ್ ಎಂಬ ಹಳೆಯ ಔಷಧವನ್ನು ಕೊಡುವುದುಂಟು. ಒಂದು ಮಿಲಿಲೀಟರ್ ನೀರಿನಲ್ಲಿ ಅದು ಕರಗುವುದು ಕೇವಲ 0.015 ಮಿಲಿಗ್ರಾಂ. ಹಾಗಾದರೆ 500 ಮಿಲಿಗ್ರಾಂ ಕರಗಲು ಎಷ್ಟು ನೀರು ಬೇಕು? ಭಾಗಿಸಿದರೆ ಉತ್ತರ ಸುಮಾರು 33,333 ಮಿಲಿಲೀಟರ್, ಅಂದರೆ 33 ಲೀಟರಿಗೂ ಮಿಕ್ಕಿ. ಒಂದು ಲೋಟದಲ್ಲಿ ಆಗಬೇಕಾದ ಕೆಲಸಕ್ಕೆ 133 ಲೋಟ ಬೇಕು! ಎರಡು ದೊಡ್ಡ ಕೊಡಗಳಷ್ಟು ನೀರನ್ನು ಯಾವ ಮಗುವೂ ಕುಡಿಯಲಾರದು. ಈ ಔಷಧವನ್ನು ಕೊಬ್ಬಿನಂಶವಿರುವ ಊಟದ ಜೊತೆಗೆ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದರ ಹಿಂದಿನ ಕಾರಣ ಇದೇ. ನೀರು ಒಲ್ಲದ ಅರಶಿನ ಎಣ್ಣೆಗೆ ಒಲಿದಂತೆ, ನೀರಿನಲ್ಲಿ ಕರಗದ ಔಷಧ ಜಿಡ್ಡಿನ ಊಟದ ನೆರವಿನಿಂದ ಹೆಚ್ಚು ಕರಗಿ ಹೆಚ್ಚು ಹೀರಲ್ಪಡುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿಸಿ 'ಈ ಮದ್ದು ತಾಗಲಿಲ್ಲ' ಎನ್ನುವ ಮನೆಯವರು ಔಷಧವನ್ನೋ ವೈದ್ಯರನ್ನೋ ದೂರುತ್ತಾರೆ. ದೋಷ ಮಾತ್ರ ಮೊದಲ ಬಾಗಿಲಿನದು.

ಕರಗದಿರುವುದು ಯಾವಾಗಲೂ ಕೊರತೆಯೇ ಎಂದು ತಿಳಿಯಬೇಕಾಗಿಲ್ಲ. 2015ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು ಶಾಲೆಗಳಲ್ಲಿ ಮಕ್ಕಳಿಗೆ ಅಗಿಯಲು ಕೊಡುವ 400 ಮಿಲಿಗ್ರಾಂನ ಆಲ್ಬೆಂಡಜೋಲ್ ಮಾತ್ರೆಯೂ ನೀರಿನಲ್ಲಿ ಬಹಳ ಕಡಿಮೆ ಕರಗುವ ಔಷಧ. ಆದರೆ ಹುಳಗಳು ಇರುವುದು ಕರುಳಿನಲ್ಲಿಯೇ. ಔಷಧವು ರಕ್ತವನ್ನು ಸೇರದೆ ಕರುಳಿನಲ್ಲಿಯೇ ಉಳಿದರೂ ಕೆಲಸ ಕೆಡುವುದಿಲ್ಲ. ಅದೇ ಆಲ್ಬೆಂಡಜೋಲನ್ನು ಮೆದುಳಿನಲ್ಲಿ ಸೇರಿಕೊಂಡ ಲಾಡಿಹುಳದ ಮರಿಗಳ ನಿವಾರಣೆಗೆ ಕೊಡಬೇಕಾದಾಗ ಮಾತು ಬೇರೆ. ಆಗ ಔಷಧ ರಕ್ತವನ್ನು ಸೇರಲೇಬೇಕು. ಅದಕ್ಕಾಗಿ ಕೊಬ್ಬಿನಂಶದ ಊಟದೊಂದಿಗೆ ಕೊಡುತ್ತಾರೆ. ಹಾಗೆ ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ ಐದು ಪಟ್ಟಿನವರೆಗೆ ಏರಬಹುದು. ಔಷಧ ಒಂದೇ, ಮಿಲಿಗ್ರಾಂ ಒಂದೇ. ಎಲ್ಲಿಗೆ ತಲುಪಬೇಕು ಎಂಬುದರ ಮೇಲೆ ಸೇವಿಸುವ ಕ್ರಮ ಬದಲಾಗುತ್ತದೆ.

ಉಳಿದ ವರ್ಗಗಳಿಗೂ ಪರಿಚಿತ ಉದಾಹರಣೆಗಳಿವೆ. ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್ ಮೊದಲನೆಯ ವರ್ಗದ್ದು. ಕರಗುವುದಕ್ಕೂ ದಾಟುವುದಕ್ಕೂ ಅದಕ್ಕೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೂರನೆಯ ವರ್ಗದ್ದು. ಅದು ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಆದರೆ ನುಂಗಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ರಕ್ತಕ್ಕೆ ಸೇರುತ್ತದೆ. ಮೈಯಲ್ಲಿ ನೀರು ತುಂಬಿದಾಗ ಕೊಡುವ ಫ್ಯೂರೊಸೆಮೈಡ್ ನಾಲ್ಕನೆಯ ವರ್ಗಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ. ಅಪಸ್ಮಾರಕ್ಕೆ ಬಳಸುವ ಫೆನಿಟಾಯಿನ್ ಮತ್ತು ಕಾರ್ಬಮಾಜೆಪೀನ್ ಎರಡನೆಯ ವರ್ಗದವು.

ಎರಡನೆಯ ವರ್ಗದ ಔಷಧವು ದಾಟುವುದರಲ್ಲಿ ಸಮರ್ಥವಾಗಿರುವುದರಿಂದ, ಅದು ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದು ಬಹುಮಟ್ಟಿಗೆ ಎಷ್ಟು ಕರಗಿತು ಎಂಬುದನ್ನೇ ಅವಲಂಬಿಸುತ್ತದೆ. ಎಷ್ಟು ಕರಗಿತು ಎಂಬುದಾದರೋ ತಯಾರಕನ ಕೈಯಲ್ಲಿದೆ. ಔಷಧದ ಕಣ ಎಷ್ಟು ಸಣ್ಣದು, ಮಾತ್ರೆಯನ್ನು ಎಷ್ಟು ಬಿಗಿಯಾಗಿ ಒತ್ತಲಾಗಿದೆ, ಜೊತೆಗೆ ತುಂಬಿದ ನಿರುಪದ್ರವಿ ಪುಡಿ ಯಾವುದು ಎಂಬ ಸಂಗತಿಗಳು ಇಲ್ಲಿ ನಿರ್ಣಾಯಕವಾಗುತ್ತವೆ. ಇವು ಯಾವುವೂ ಮಿಲಿಗ್ರಾಮಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಇದಕ್ಕೆ ಔಷಧಶಾಸ್ತ್ರದ ಚರಿತ್ರೆಯಲ್ಲಿ ಮರೆಯಲಾಗದ ನಿದರ್ಶನವೊಂದಿದೆ. 1968ರ ಸುಮಾರಿಗೆ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಫೆನಿಟಾಯಿನ್ ಸೇವಿಸುತ್ತಿದ್ದ ಅನೇಕ ಅಪಸ್ಮಾರ ರೋಗಿಗಳಲ್ಲಿ ಇದ್ದಕ್ಕಿದ್ದಂತೆ ವಿಷಲಕ್ಷಣಗಳು ಕಾಣಿಸಿಕೊಂಡವು. ವೈದ್ಯರು ಪ್ರಮಾಣವನ್ನು ಹೆಚ್ಚಿಸಿರಲಿಲ್ಲ. ರೋಗಿಗಳೂ ಎರಡೆರಡು ನುಂಗಿರಲಿಲ್ಲ. ಕ್ಯಾಪ್ಸೂಲಿನೊಳಗಿನ ಫೆನಿಟಾಯಿನ್ ಮೊದಲಿನಷ್ಟೇ ಇತ್ತು. ಬದಲಾದದ್ದು ಜೊತೆಗೆ ತುಂಬುತ್ತಿದ್ದ ಪುಡಿ ಮಾತ್ರ. ಮೊದಲು ಕ್ಯಾಲ್ಸಿಯಂ ಸಲ್ಫೇಟ್ ತುಂಬುತ್ತಿದ್ದರು. ಆ ಜಾಗದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಂದಿತ್ತು. ಹಳೆಯ ಕ್ಯಾಪ್ಸೂಲಿನಿಂದ ದೇಹಕ್ಕೆ ಪೂರ್ತಿಯಾಗಿ ಸೇರದಿದ್ದ ಔಷಧವು ಹೊಸ ಕ್ಯಾಪ್ಸೂಲಿನಿಂದ ಹೆಚ್ಚಾಗಿ ರಕ್ತಕ್ಕೆ ನುಗ್ಗಿತು. ಫೆನಿಟಾಯಿನ್ ವಿಷಯದಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಕಡಿಮೆಯಾದರೆ ಮೂರ್ಛೆ ಮರುಕಳಿಸುತ್ತದೆ. ಹೆಚ್ಚಾದರೆ ನಡಿಗೆ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ. ಔಷಧವೆಂದೇ ಯಾರೂ ಲೆಕ್ಕಿಸದ ಪುಡಿಯೊಂದು ಒಂದು ನಗರದ ರೋಗಿಗಳನ್ನು ಆಸ್ಪತ್ರೆಯ ಬಾಗಿಲಿಗೆ ತಂದಿತು.

ಲೋಟದ ಲೆಕ್ಕವೊಂದೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. ಹೃದ್ರೋಗಕ್ಕೆ ಬಳಸುವ ಡಿಜಾಕ್ಸಿನ್‌ನ ಪ್ರಮಾಣ ಎಷ್ಟು ಅಲ್ಪವೆಂದರೆ, ಅದರ ಅರ್ಧ ಮಿಲಿಗ್ರಾಂ ಕರಗಲು ಸುಮಾರು 21 ಮಿಲಿಲೀಟರ್ ನೀರು ಸಾಕು. ಆದರೂ ಬೇರೆ ಬೇರೆ ತಯಾರಕರ ಡಿಜಾಕ್ಸಿನ್ ಮಾತ್ರೆಗಳನ್ನು ಹೋಲಿಸಿ ಅಮೆರಿಕದ ವೈದ್ಯರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದಲ್ಲಿನ ಅದರ ಮಟ್ಟದಲ್ಲಿ ಏಳು ಪಟ್ಟಿನವರೆಗೂ ವ್ಯತ್ಯಾಸ ಕಂಡುಬಂದಿತ್ತು. ಔಷಧ ಕರಗಬಲ್ಲದು ಎಂಬುದು ಒಂದು ಮಾತು. ಆ ಮಾತ್ರೆಯೊಳಗಿಂದ ಅದು ಸಕಾಲದಲ್ಲಿ ಹೊರಬಂದು ಕರಗುತ್ತದೆ ಎಂಬುದು ಇನ್ನೊಂದು ಮಾತು. ಆದುದರಿಂದಲೇ ಔಷಧದ ವರ್ಗವನ್ನು ನೋಡುವುದರ ಜೊತೆಗೆ ಸಿದ್ಧ ಮಾತ್ರೆಯ ಪರೀಕ್ಷೆಯೂ ಬೇಕು.

ಇಂಥ ಪರೀಕ್ಷೆಗಳಲ್ಲಿ ಎರಡು ಬಗೆ. ಮೊದಲನೆಯದು ಪ್ರಯೋಗಾಲಯದ್ದು. 37 ಡಿಗ್ರಿಯಲ್ಲಿ ಇರಿಸಿದ ದ್ರವದ ಪಾತ್ರೆಗೆ ಮಾತ್ರೆಯನ್ನು ಹಾಕಿ, ಸಣ್ಣ ಹುಟ್ಟಿನಂಥ ಸಾಧನದಿಂದ ನಿಧಾನವಾಗಿ ತಿರುಗಿಸುತ್ತ, ಎಷ್ಟು ಹೊತ್ತಿಗೆ ಎಷ್ಟು ಕರಗಿತೆಂದು ಅಳೆಯುತ್ತಾರೆ. ಎರಡನೆಯದು ಮನುಷ್ಯರ ಮೇಲೆ ನಡೆಯುವ ಜೈವಿಕ ಸಮಾನತಾ ಪರೀಕ್ಷೆ. ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಕಂಪೆನಿಯ ಮಾತ್ರೆಯನ್ನೂ ಇನ್ನೊಮ್ಮೆ ಹೊಸ ತಯಾರಕನ ಮಾತ್ರೆಯನ್ನೂ ಕೊಟ್ಟು, ಗಂಟೆಗಂಟೆಗೆ ರಕ್ತ ತೆಗೆದು, ಎರಡೂ ಸಂದರ್ಭಗಳಲ್ಲಿ ಔಷಧದ ಮಟ್ಟ ಒಂದೇ ತೆರನಾಗಿದೆಯೇ ಎಂದು ನೋಡುತ್ತಾರೆ. ಮೊದಲನೆಯದಕ್ಕೆ ಖರ್ಚು ಕಡಿಮೆ. ಎರಡನೆಯದಕ್ಕೆ ಖರ್ಚೂ ಹೆಚ್ಚು, ಸಮಯವೂ ಹೆಚ್ಚು. ಮೇಲಾಗಿ ರೋಗವಿಲ್ಲದವರ ಮೈಗೆ ಔಷಧ ಹೋಗಬೇಕು.

ಯಾವ ಔಷಧಕ್ಕೆ ಮೊದಲನೆಯ ಪರೀಕ್ಷೆ ಸಾಕು, ಯಾವುದಕ್ಕೆ ಎರಡನೆಯದು ಬೇಕೇ ಬೇಕು? ನಾಲ್ಕು ವರ್ಗಗಳ ಕೋಷ್ಟಕ ಉತ್ತರಿಸುವುದು ಈ ಪ್ರಶ್ನೆಯನ್ನೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2000ದಲ್ಲಿ ಮೊದಲನೆಯ ವರ್ಗದ, ಬೇಗ ಕರಗುವ ಮಾತ್ರೆಗಳಿಗೆ ಮಾನವ ಪರೀಕ್ಷೆಯಿಂದ ವಿನಾಯಿತಿಯ ದಾರಿಯನ್ನು ತೆರೆಯಿತು. 30 ನಿಮಿಷಗಳೊಳಗೆ ಶೇಕಡಾ 85 ಕರಗಬೇಕೆಂಬುದು ಅದರ ಮುಖ್ಯ ಷರತ್ತು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಅಗತ್ಯ ಔಷಧಗಳನ್ನು ಇದೇ ದೃಷ್ಟಿಯಿಂದ ಪರಿಶೀಲಿಸಿ ಪಟ್ಟಿಯನ್ನು ಪ್ರಕಟಿಸಿತು. ಔಷಧ ನಿಯಮಗಳನ್ನು ಏಕರೂಪಗೊಳಿಸಲು ದುಡಿಯುವ ಐಸಿಎಚ್ ಎಂಬ ಅಂತರರಾಷ್ಟ್ರೀಯ ಮಂಡಳಿಯು 2019ರಲ್ಲಿ ಮೊದಲನೆಯ ಮತ್ತು ಮೂರನೆಯ ವರ್ಗಗಳೆರಡಕ್ಕೂ ವಿನಾಯಿತಿಯ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು. ಆದರೆ ಮೂರನೆಯ ವರ್ಗಕ್ಕೆ ಷರತ್ತು ಬಿಗಿ: 15 ನಿಮಿಷಗಳಲ್ಲಿಯೇ ಶೇಕಡಾ 85 ಕರಗಬೇಕು, ಜೊತೆಗೆ ತುಂಬುವ ಪುಡಿಗಳೂ ಮೂಲ ಮಾತ್ರೆಯಲ್ಲಿರುವಂಥವೇ ಆಗಿರಬೇಕು. ಫೆನಿಟಾಯಿನ್‌ನಂತೆ ಗುಣಕ್ಕೂ ವಿಷಕ್ಕೂ ಅಂತರ ಕಿರಿದಾದ ಔಷಧಗಳಿಗೆ ಈ ವಿನಾಯಿತಿ ಇಲ್ಲ. ಈ ವಿನಾಯಿತಿಗಳಿಂದ ಅನಗತ್ಯವಾಗಿ ಮನುಷ್ಯರ ಮೇಲೆ ನಡೆಯುವ ಪ್ರಯೋಗಗಳು ಕಡಿಮೆಯಾಗುತ್ತವೆ, ಔಷಧದ ತಯಾರಿಕಾ ವೆಚ್ಚವೂ ಇಳಿಯುತ್ತದೆ. ಅಗತ್ಯವಿಲ್ಲದ ಕಡೆ ಪುರಾವೆ ಕೇಳದಿರುವುದೂ ಅಗತ್ಯವಿರುವಲ್ಲಿ ಪುರಾವೆಯನ್ನು ಬಿಡದಿರುವುದೂ ಒಳ್ಳೆಯ ಕಾನೂನಿನ ಲಕ್ಷಣ.

ಭಾರತದಲ್ಲಿ 2017ಕ್ಕೆ ಮುನ್ನ ಇದ್ದ ಸ್ಥಿತಿಯನ್ನು ತಿಳಿದರೆ ತಿದ್ದುಪಡಿಯ ಮಹತ್ವ ಮನದಟ್ಟಾಗುತ್ತದೆ. ಹೊಸ ಔಷಧವೊಂದು ಮೊದಲ ಬಾರಿಗೆ ಕೇಂದ್ರದ ಒಪ್ಪಿಗೆ ಪಡೆದ ಬಳಿಕ ನಾಲ್ಕು ವರ್ಷಗಳವರೆಗೆ ಕಾನೂನಿನ ದೃಷ್ಟಿಯಲ್ಲಿ 'ಹೊಸದು' ಎನಿಸಿಕೊಳ್ಳುತ್ತಿತ್ತು. ಆ ಅವಧಿಯಲ್ಲಿ ಬೇರೆ ತಯಾರಕರೂ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ನಾಲ್ಕು ವರ್ಷ ಕಳೆದ ಮೇಲೆ ಔಷಧವು ಹಳೆಯದಾಗುತ್ತಿತ್ತು. ಆಗ ರಾಜ್ಯದ ಪರವಾನಗಿ ಅಧಿಕಾರಿಯ ಬಳಿಗೆ ಹೋದರೆ ಸಾಕಾಗುತ್ತಿತ್ತು. ಆ ಹಂತದಲ್ಲಿ ಜೈವಿಕ ಸಮಾನತೆಯ ಪುರಾವೆ ಕಡ್ಡಾಯವಾಗಿರಲಿಲ್ಲ. ಆದರೆ ನೀರಿನಲ್ಲಿ ಕರಗದ ಔಷಧವು ನಾಲ್ಕು ವರ್ಷ ಕಳೆದ ಮಾತ್ರಕ್ಕೆ ಕರಗತೊಡಗುವುದಿಲ್ಲ. ಕಾಲವನ್ನು ಬಿಟ್ಟು ಔಷಧದ ಗುಣವನ್ನು ನೋಡಿ ಪುರಾವೆ ಕೇಳಬೇಕೆಂಬ ವಿವೇಕವನ್ನು 2017ರ ನಿಯಮ ತಂದಿತು.

ಆದರೂ ಆ ನಿಯಮದ ಮಿತಿಗಳನ್ನು ಬಲ್ಲವರಷ್ಟೇ ಅದರ ಪ್ರಯೋಜನವನ್ನು ಪಡೆಯಬಲ್ಲರು. ನಿಯಮದ ಮಾತು ಪರವಾನಗಿಗೆ ಅರ್ಜಿ ಸಲ್ಲಿಸುವವರನ್ನು ಕುರಿತದ್ದು. ಅದಕ್ಕೂ ಮುನ್ನ ಪರವಾನಗಿ ಪಡೆದು ತಯಾರಿಸುತ್ತಿರುವವರನ್ನು ಆ ವಾಕ್ಯ ನೇರವಾಗಿ ಮುಟ್ಟುವುದಿಲ್ಲ. ಎರಡನೆಯದಾಗಿ, ಔಷಧವು ಯಾವ ವರ್ಗದ್ದೆಂದು ಸ್ಟ್ರಿಪ್ಪಿನ ಮೇಲೆ ಮುದ್ರಿಸಬೇಕೆಂಬ ಕಟ್ಟಳೆಯಿಲ್ಲ. ಕೊಳ್ಳುವವರ ಕಣ್ಣಿಗೆ ಎಲ್ಲ ಮಾತ್ರೆಗಳೂ ಒಂದೇ. ಮೂರನೆಯದಾಗಿ, ಪರವಾನಗಿ ಕೊಡುವುದು ರಾಜ್ಯದ ಅಧಿಕಾರಿಯಾದರೂ ಮಾತ್ರೆಗೆ ರಾಜ್ಯದ ಗಡಿಯಿಲ್ಲ. ಹಿಮಾಚಲ ಪ್ರದೇಶದಲ್ಲಿಯೋ ಗುಜರಾತಿನಲ್ಲಿಯೋ ಪರವಾನಗಿ ಪಡೆದ ಮಾತ್ರೆ ಕುಂಬಳೆಯಲ್ಲಿಯೂ ಸಿಗುತ್ತದೆ, ಮಂಗಳೂರಿನಲ್ಲಿಯೂ ಸಿಗುತ್ತದೆ.

ಗಡಿನಾಡಿನ ಕುಟುಂಬಗಳಿಗೆ ಈ ಕೊನೆಯ ಅಂಶ ಬರಿಯ ವಾದದ ವಿಷಯವಲ್ಲ. ಕಾಸರಗೋಡಿನ ಎಷ್ಟೋ ಮನೆಗಳವರು ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತಾರೆ. ಮೊದಲ ತಿಂಗಳ ಮಾತ್ರೆಯನ್ನು ಅಲ್ಲಿ ಕೊಂಡು, ಮುಂದಿನ ತಿಂಗಳುಗಳದ್ದನ್ನು ಊರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ಅಲ್ಲಿದ್ದ ಕಂಪೆನಿಯದು ಇಲ್ಲಿಲ್ಲ. 'ಎರಡೂ ಒಂದೇ' ಎಂಬ ಮಾತಿನೊಂದಿಗೆ ಇನ್ನೊಂದು ಕೈಗೆ ಬರುತ್ತದೆ. ಅದು ಮೆಟ್‌ಫಾರ್ಮಿನ್ ಆದರೆ, ಸಕ್ಕರೆಯ ಮಟ್ಟವನ್ನು ಆಗಾಗ ನೋಡಿಕೊಳ್ಳುವವರಿಗೆ ಹೆಚ್ಚಿನ ಆತಂಕವಿಲ್ಲ. ಅಪಸ್ಮಾರವಿರುವ, ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗನ ಫೆನಿಟಾಯಿನ್ ಆದರೆ ಆ ಬದಲಾವಣೆ ವೈದ್ಯರಿಗೆ ತಿಳಿಯದೆ ನಡೆಯಬಾರದು.

ಕಾನೂನು ಇಲ್ಲಿ ಏನು ಹೇಳುತ್ತದೆ? 1945ರ ನಿಯಮಾವಳಿಯ 65ನೆಯ ನಿಯಮದ ಪ್ರಕಾರ, ಅನುಸೂಚಿ ಎಚ್ ಮೊದಲಾದ ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಗಳ ವಿಷಯದಲ್ಲಿ, ಚೀಟಿಯಲ್ಲಿ ಬರೆದುದರ ಬದಲಿಗೆ ಅದೇ ಔಷಧಾಂಶವುಳ್ಳ ಬೇರೊಂದು ತಯಾರಿಕೆಯನ್ನಾದರೂ ಅಂಗಡಿಯವರು ಕೊಡುವಂತಿಲ್ಲ. ಇನ್ನೊಂದೆಡೆ, ವೈದ್ಯರ ವೃತ್ತಿನೀತಿಯ ನಿಯಮಗಳು ಕಂಪೆನಿಯ ಹೆಸರಿಗೆ ಬದಲಾಗಿ ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆನ್ನುತ್ತವೆ. ಮೂಲ ಹೆಸರನ್ನಷ್ಟೇ ಬರೆದಾಗ ಕಂಪೆನಿಯ ಆಯ್ಕೆ ಅಂಗಡಿಯವರ ಕೈಗೆ ಹೋಗುತ್ತದೆ. ಎರಡೂ ನಿಯಮಗಳ ಉದ್ದೇಶ ಒಳ್ಳೆಯದೇ. ಮೊದಲನೆಯದು ರೋಗಿಯ ಸುರಕ್ಷತೆಗಾಗಿ, ಎರಡನೆಯದು ಬಡವನ ಜೇಬಿಗಾಗಿ. ಇವೆರಡೂ ಪರಸ್ಪರ ಇದಿರಾಗದಂತೆ ಮಾಡಬಲ್ಲದ್ದು ಜೈವಿಕ ಸಮಾನತೆಯ ಪುರಾವೆ ಒಂದೇ. ಪುರಾವೆಯಿದ್ದಲ್ಲಿ ಅಗ್ಗದ ಮಾತ್ರೆಯೂ ದುಬಾರಿ ಮಾತ್ರೆಯಷ್ಟೇ ನಂಬಲರ್ಹ. ಪುರಾವೆಯಿಲ್ಲದಲ್ಲಿ ದುಬಾರಿ ಬೆಲೆಯೂ ಖಾತರಿಯಲ್ಲ. ಕಡಿಮೆ ಬೆಲೆಯ ಜನೌಷಧವೆಂದರೆ ಕಳಪೆ ಎಂದು ಭಾವಿಸುವುದು ಈ ವರ್ಗೀಕರಣದ ಪಾಠವನ್ನು ತಲೆಕೆಳಗಾಗಿ ಓದಿದಂತೆ.

ಸಾಮಾನ್ಯ ಪ್ರಜೆಗೂ ಕಾನೂನು ಒಂದು ಹಕ್ಕನ್ನು ಕೊಟ್ಟಿದೆ. ಅದನ್ನು ಬಲ್ಲವರು ವಿರಳ. 1940ರ ಅಧಿನಿಯಮದ 26ನೆಯ ಕಲಮಿನ ಪ್ರಕಾರ ಯಾವ ವ್ಯಕ್ತಿಯಾದರೂ, ಅಥವಾ ಮಾನ್ಯತೆ ಪಡೆದ ಬಳಕೆದಾರರ ಸಂಘವಾದರೂ, ತಾನು ಕೊಂಡ ಔಷಧವನ್ನು ನಿಗದಿತ ಅರ್ಜಿ ಮತ್ತು ಶುಲ್ಕದೊಂದಿಗೆ ಸರಕಾರಿ ವಿಶ್ಲೇಷಕರಿಗೆ ಒಪ್ಪಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಅರ್ಜಿಯ ನಮೂನೆ 14-ಎ. ಮಾತ್ರೆಯಲ್ಲಿ ಹೇಳಿದಷ್ಟು ಔಷಧವಿದೆಯೇ, ಔಷಧಕೋಶದಲ್ಲಿ ವಿಧಿಸಿದ್ದರೆ ಆ ವೇಳೆಯೊಳಗೆ ಕರಗುತ್ತದೆಯೇ ಎಂಬುದನ್ನು ಇಂಥ ಪರೀಕ್ಷೆ ತಿಳಿಸಬಲ್ಲದು. ರಕ್ತಕ್ಕೆ ಎಷ್ಟು ಸೇರಿತು ಎಂಬುದನ್ನು ಅದು ತಿಳಿಸದು. ಅದಕ್ಕೆ ಮಾನವ ಪರೀಕ್ಷೆಯೇ ಬೇಕು. ಆದರೂ ಅನುಮಾನಕ್ಕೆ ಆಧಾರವಿರುವಾಗ ಗೊಣಗಿ ಸುಮ್ಮನಾಗುವುದಕ್ಕಿಂತ ಇದು ಮೇಲು. ಹಾಗೆ ಕೇಳಬೇಕಾದರೆ ಕೈಯಲ್ಲಿ ಬಿಲ್ ಇರಬೇಕು, ಬ್ಯಾಚ್ ಸಂಖ್ಯೆಯಿರುವ ಸ್ಟ್ರಿಪ್ ಉಳಿದಿರಬೇಕು. ಬ್ಯಾಚ್ ಸಂಖ್ಯೆಯ ಅಂಚನ್ನೇ ಮೊದಲು ಕತ್ತರಿಸಿ ಎಸೆಯುವ ಅಭ್ಯಾಸವನ್ನು ಬಿಡುವುದು ಒಳಿತು.

ಮನೆಯೊಳಗೆ ಪಾಲಿಸಬಹುದಾದ ಕ್ರಮಗಳು ಇನ್ನೂ ಸರಳ. ಮಾತ್ರೆಯನ್ನು ಎರಡು ಗುಟುಕು ನೀರಿನಲ್ಲಿ ನುಂಗಿ ಮಲಗುವುದಕ್ಕಿಂತ, ವೈದ್ಯರು ನೀರಿನ ಮಿತಿಯನ್ನು ಹೇಳಿರದಿದ್ದರೆ, ತುಂಬಿದ ಒಂದು ಲೋಟ ನೀರಿನೊಂದಿಗೆ ಸೇವಿಸುವುದು ಉತ್ತಮ. ಪರೀಕ್ಷೆಯ ಫಲಿತಾಂಶಗಳೆಲ್ಲ ಆ ಲೋಟವನ್ನು ನಂಬಿಯೇ ಬಂದವು. ಊಟಕ್ಕೆ ಮುನ್ನವೋ ಊಟದೊಂದಿಗೋ ಎಂದು ಚೀಟಿಯಲ್ಲಿ ಬರೆದಿರುವುದು ವಾಡಿಕೆಯ ಮಾತಲ್ಲ. ಕೆಲವು ಔಷಧಗಳಿಗೆ ಅದೇ ಅರ್ಧ ಚಿಕಿತ್ಸೆ. ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಯನ್ನು ಹಾಲಿನೊಂದಿಗೆ ಕೊಡಬಾರದು; ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ. ನಿಧಾನವಾಗಿ ಕರಗಲೆಂದೇ ತಯಾರಿಸಿದ ಮಾತ್ರೆಯನ್ನು ಮಗು ನುಂಗಲೊಲ್ಲದೆಂದು ಪುಡಿ ಮಾಡಿದರೆ ದಿನವಿಡೀ ಸೇರಬೇಕಾದ ಔಷಧ ಒಮ್ಮೆಲೇ ಸೇರಬಹುದು. ದೀರ್ಘಕಾಲ ಸೇವಿಸುವ ಔಷಧಗಳ ಹೆಸರಿನ ಜೊತೆಗೆ ತಯಾರಕ ಕಂಪೆನಿಯ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಕಂಪೆನಿ ಬದಲಾದ ಬಳಿಕ ಹೊಸ ತೊಂದರೆ ಕಾಣಿಸಿದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಆ ಪುಸ್ತಕವನ್ನು ವೈದ್ಯರ ಮುಂದಿಡಬೇಕು.

ಸ್ಟ್ರಿಪ್ಪಿನ ಮೇಲಿನ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷಿನವು, ಅತಿ ಸಣ್ಣವು. ಅಜ್ಜ ಅಜ್ಜಿಯರಿಗೆ ಓದಲಾಗದವು. ಈ ಪುಸ್ತಕ ಬರೆಯುವ ಕೆಲಸವನ್ನು ಮನೆಯ ಶಾಲಾ ಮಕ್ಕಳಿಗೆ ವಹಿಸಬಹುದು. ದ್ರಾವಣ, ದ್ರಾವಕ, ಆಮ್ಲ, ಪೊರೆ ಎಂಬ ಮಾತುಗಳನ್ನು ಅವರು ಕನ್ನಡದಲ್ಲಿಯೇ ಕಲಿತಿದ್ದಾರೆ. ಜಗತ್ತಿನ ಔಷಧ ಕಚೇರಿಗಳು ಬಳಸುವ ವರ್ಗೀಕರಣವನ್ನು ಅರಿಯಲು ಅದಕ್ಕಿಂತ ಹೆಚ್ಚಿನ ಬಂಡವಾಳ ಬೇಕಾಗಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕ ತರುವ ಪಾಠವು ಅಜ್ಜಿಯ ಮಾತ್ರೆಯ ಡಬ್ಬಿಯ ಬಳಿ ಉಪಯೋಗಕ್ಕೆ ಬಂದರೆ, ಆ ಪಾಠವನ್ನು ತಾಯ್ನುಡಿಯಲ್ಲಿ ಕಲಿಸಿದ ಶಾಲೆಯ ಶ್ರಮ ಮನೆಯವರಿಗೂ ಕಾಣುತ್ತದೆ.